‘ಹಾಗಾದ್ರೆ ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತಿಗೆ ಹೆದರಿದವಳ ಪತ್ರ

ಗೆ,
ಮಾನ್ಯ ರಾಜ್ಯ ಆಯುಕ್ತರು,
ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, ಕರ್ನಾಟಕ
ಹಾಗೂ
ಮಾನ್ಯ ನಿರ್ದೇಶಕರು,
ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಬೆಂಗಳೂರು

ವಿಷಯ: ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರು ವಾಸ ಮಾಡುವ ಸಣ್ಣ ವಸತಿ ಮನೆಗಳಲ್ಲಿನ ಆರೈಕೆ ಕುರಿತು

ಮಾನ್ಯರೇ,

ನನ್ನ ತಮ್ಮನಿಗೆ ಈಗ 36 ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯ ಇದೆ, ಹತ್ತನೇ ವಯಸ್ಸಿನಿಂದ ಫಿಟ್ಸ್ ಇದೆ. ಮಾತು ಕಡಿಮೆ. ಒಂದು ಸಲಕ್ಕೆ ಎರಡು ಪದ, ಹೆಚ್ಚೆಂದರೆ ಮೂರು. ಅಷ್ಟರಲ್ಲೇ ತನಗೆ ಬೇಕಾದ್ದೆಲ್ಲ ಹೇಳಿಬಿಡುತ್ತಾನೆ, ಕೇಳಿಸಿಕೊಳ್ಳುವವರು ಎದುರಿಗಿದ್ದರೆ. ಅಪ್ಪ ಅಮ್ಮ ಇರುವಷ್ಟು ದಿನ ವಿಜಯನಗರದ ಮನೆಗೆ ಬೆಳಗ್ಗೆ ಹಾಲು ತರುವುದು ಅವನ ಕೆಲಸವಾಗಿತ್ತು. ಎಣಿಸಲು ಬರುವುದಿಲ್ಲ. ಆದರೆ ಬಲಗೈಗೊಂದು, ಎಡಗೈಗೊಂದು ನಂದಿನಿ ನೀಲಿ ಪ್ಯಾಕೆಟ್ ಬರಬೇಕು ಅಂತ ಗೊತ್ತು. ಬೂತ್‌ನವರು ತಪ್ಪಿ ಬೇರೆ ಬಣ್ಣದ್ದು ಕೊಟ್ಟರೆ ಅಲ್ಲೇ ನಿಂತುಬಿಡುತ್ತಿದ್ದ. ಬದಲಾಯಿಸಿ ಕೊಡುವವರೆಗೂ ಕದಲುತ್ತಿರಲಿಲ್ಲ.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಬರೆಯುವುದೆಲ್ಲ ಈ ಮನುಷ್ಯನ ಬಗ್ಗೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ಅವನು ಒಂದು ನಂಬರು. ಅವನಿದ್ದ ವಸತಿ ಮನೆಯ ಗೋಡೆ ಮೇಲೆ ‘ದೇವರ ಮಕ್ಕಳು’ ಅಂತ ದೊಡ್ಡದಾಗಿ ಬರೆದಿತ್ತು. ಅಲ್ಲಿದ್ದ ಹಿರಿಯರೊಬ್ಬರಿಗೆ ತಲೆಕೂದಲೆಲ್ಲ ಬೆಳ್ಳಗಾಗಿತ್ತು, ಅವರೂ ಮಗುವೇ. ಪ್ರೀತಿಯಿಂದಲೇ ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ದೊಡ್ಡವರನ್ನು ಮಗು ಅಂದುಬಿಟ್ಟರೆ ಅವರ ಬೇಕು ಬೇಡ ಕೇಳುವ ಅಗತ್ಯವೇ ಇಲ್ಲ ಅಂತಾಗುತ್ತದೆ. ಎರಡು ವರ್ಷ ನಾನು ನೋಡಿದ್ದು ಅದನ್ನೇ.

ಅಪ್ಪ ಹೋದ ಮೇಲೆ ಅಮ್ಮನೂ ಹೋದರು. ಒಂದು ವರ್ಷ ತಮ್ಮನನ್ನು ನನ್ನ ಜೊತೆಗೇ ಇಟ್ಟುಕೊಂಡೆ. ಮೂರನೇ ಮಹಡಿಯ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಬಾತ್‌ರೂಮಿನಲ್ಲಿ ಫಿಟ್ಸ್ ಬಂದು ಬಿದ್ದಿದ್ದ. ಹಣೆ ಒಡೆದಿತ್ತು, ರಕ್ತ ಒಣಗಿತ್ತು. ಎಷ್ಟು ಹೊತ್ತಿನಿಂದ ಬಿದ್ದಿದ್ದನೋ. ‘ನಮ್ಮ ನಂತರ ಯಾರು’ ಅಂತ ಅಮ್ಮ ಜೀವಮಾನವಿಡೀ ಕೇಳುತ್ತಿದ್ದ ಪ್ರಶ್ನೆ ಅವತ್ತು ನನ್ನ ತಲೆ ಮೇಲೆ ಬಂತು.

ನಗರದ ಅಂಚಿನ ಲೇಔಟ್ ಒಂದರಲ್ಲಿ ಬಾಡಿಗೆ ಮನೆ ಹಿಡಿದು ನಡೆಸುತ್ತಿದ್ದ ಆ ವಸತಿ ಮನೆಯನ್ನು ಆರಿಸಿದ್ದು ನಾನೇ. ಎರಡು ಮಹಡಿ, 14 ಜನ ಗಂಡಸರು. ತಿಂಗಳಿಗೆ 18 ಸಾವಿರ, ಜೊತೆಗೆ ಡೆಪಾಸಿಟ್. ನಾನು ಟೈಲ್ಸ್ ನೋಡಿದೆ, ಸಿಸಿಟಿವಿ ನೋಡಿದೆ, ಗೋಡೆಗೆ ಅಂಟಿಸಿದ್ದ ಊಟದ ಪಟ್ಟಿ ನೋಡಿದೆ. ನೋಂದಣಿ ಪತ್ರಕ್ಕೂ ಫ್ರೇಮ್ ಹಾಕಿಸಿದ್ದರು. ಇಷ್ಟು ಜನ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅಂತ ಕೇಳಲಿಲ್ಲ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಲಿಲ್ಲ. ತಪಾಸಣೆಗೆ ಬರುವ ಅಧಿಕಾರಿಗಳೂ ಹೆಚ್ಚುಕಡಿಮೆ ನಾನು ನೋಡಿದ್ದನ್ನೇ ನೋಡಿ ಹೋಗುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅವರು ಬರುವ ಮುಂಚಿನ ದಿನ ಎಲ್ಲರ ಉಗುರು ಕತ್ತರಿಸಿ, ಹೊಸ ಬೆಡ್‌ಶೀಟ್ ಹಾಕಿದ್ದರಂತೆ. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೇ ಹೇಳಿದ್ದು.

ಮನೆಯವರು ಭೇಟಿ ಮಾಡಲು ತಿಂಗಳ ಎರಡನೇ ಭಾನುವಾರ ಒಂದು ಗಂಟೆ, ಅದೂ ಕೆಳಗಿನ ಆಫೀಸ್ ರೂಮಿನಲ್ಲಿ. ಮೇಲೆ ಹೋಗುವಂತಿಲ್ಲ. ‘ಬೇರೆಯವರಿಗೆ ಡಿಸ್ಟರ್ಬ್ ಆಗುತ್ತೆ’ ಎನ್ನುತ್ತಿದ್ದರು. ಎರಡು ವರ್ಷದಲ್ಲಿ ನನ್ನ ತಮ್ಮ ಮಲಗುವ ಮಂಚವನ್ನು ನಾನು ಒಂದೇ ಒಂದು ಸಲ ನೋಡಿದೆ, ಅದು ಅವನನ್ನು ಅಲ್ಲಿಂದ ಬಿಡಿಸಿಕೊಂಡು ಬಂದ ದಿನ. ಕೆಳಗೆ ಕರೆತರುವಾಗ ಸ್ನಾನ ಮಾಡಿಸಿ, ಪೌಡರ್ ಹಾಕಿ ತರುತ್ತಿದ್ದರು. ಮೈಮೇಲೆ ಇರುತ್ತಿದ್ದ ಬಟ್ಟೆ ಮಾತ್ರ ಅವನದ್ದಲ್ಲ. ಕಾಲರಿನ ಒಳಗೆ ಮಾರ್ಕರ್‌ನಲ್ಲಿ ಇನ್ನೊಬ್ಬರ ಹೆಸರು. ನಾನು ತಂದುಕೊಟ್ಟ ಆರು ಶರ್ಟ್ ಎಲ್ಲಿ ಅಂದರೆ, ‘ಎಲ್ಲಾ ಒಟ್ಟಿಗೇ ಒಗೀತೀವಿ ಮೇಡಂ, ಇವರಿಗೇನು ಗೊತ್ತಾಗುತ್ತೆ’ ಅಂದರು. ನೀಲಿ ಪ್ಯಾಕೆಟ್‌ಗಾಗಿ ಬೂತ್ ಮುಂದೆ ಹಟ ಹಿಡಿದು ನಿಲ್ಲುತ್ತಿದ್ದವನಿಗೆ ತನ್ನ ಶರ್ಟ್ ಯಾವುದು ಅಂತ ಗೊತ್ತಾಗುವುದಿಲ್ವಾ?

ಗೇಟಿಗೆ ಹಗಲೂ ಬೀಗ. ರಸ್ತೆ ತುದಿಯಲ್ಲೇ ಗಣಪತಿ ದೇವಸ್ಥಾನ ಇತ್ತು, ಘಂಟೆ ಬಾರಿಸಿದರೆ ಮನೆಗೆ ಕೇಳಿಸುವಷ್ಟು ಹತ್ತಿರ. ಎರಡು ವರ್ಷದಲ್ಲಿ ಒಂದು ಸಲವೂ ಅವನು ಅಲ್ಲಿಗೆ ಹೋಗಲಿಲ್ಲ. ಹಾಲು ತರುವುದಂತೂ ದೂರದ ಮಾತು. ಟೀವಿ ಮುಂದೆ ಕೂರುವುದು, ಊಟ, ಮಾತ್ರೆ, ನಿದ್ದೆ.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ. ನೀವು ಈ ಪತ್ರದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಒಂದು ಜೂನ್‌ನಲ್ಲಿ ಅವನು ಎಡಗೆನ್ನೆಗೆ ಹೊಡೆದುಕೊಳ್ಳಲು ಶುರು ಮಾಡಿದ. ಊಟದ ತಟ್ಟೆ ತಳ್ಳುತ್ತಿದ್ದ. ರಾತ್ರಿ ಕಿರುಚುತ್ತಿದ್ದ. ‘ಬಿಹೇವಿಯರ್ ಪ್ರಾಬ್ಲಂ ಬಂದಿದೆ’ ಅಂತ ಮನೆ ನಡೆಸುವವರು ನನಗೆ ಫೋನ್ ಮಾಡಿದರು. ಡಾಕ್ಟರ್ ಹತ್ತಿರ ಮಾತಾಡಿ ಮಾತ್ರೆ ಜಾಸ್ತಿ ಮಾಡಿದ್ದೇವೆ ಅಂದರು. ಡಾಕ್ಟರ್ ಬಂದು ನೋಡಿದರಾ ಅಂದೆ. ಇಲ್ಲ, ಫೋನಿನಲ್ಲೇ ಹೇಳಿದರು. ಅದು ರಿಸ್ಪೆರಿಡೋನ್, ಮಾನಸಿಕ ಕಾಯಿಲೆಗೆ ಕೊಡುವ, ಮಂಪರು ತರಿಸುವ ಮಾತ್ರೆ. ಜುಲೈ ಭಾನುವಾರ ಹೋದಾಗ ಅವನು ಕುರ್ಚಿಯಲ್ಲಿ ಒರಗಿ ಕೂತಿದ್ದ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ನನ್ನ ಕೈ ಹಿಡಿದು ‘ಅಕ್ಕ, ಇಲ್ಲಿ’ ಅಂದ. ಮನೆಗೆ ಕರೆದುಕೊಂಡು ಹೋಗು ಅನ್ನುತ್ತಿದ್ದಾನೆ ಅಂದುಕೊಂಡೆ. ‘ಮುಂದಿನ ತಿಂಗಳು ಬರ್ತೀನಿ’ ಅಂತ ಹೇಳಿ ಹೊರಟುಬಂದೆ.

ಗಣೇಶನ ಹಬ್ಬಕ್ಕೆ ಮನೆಗೆ ಕರೆತಂದಾಗ ಕಡುಬು ಕೊಟ್ಟೆ. ಅವನಿಗೆ ಪ್ರಾಣ ಅದು. ಬಲಗಡೆಯಿಂದ ಮಾತ್ರ, ತಲೆ ಓರೆ ಮಾಡಿಕೊಂಡು ಅಗಿಯುತ್ತಿದ್ದ. ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ಎಡಗಡೆ ಕೊನೆಯ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಒಸಡು ಊದಿಕೊಂಡಿತ್ತು. ಮರುದಿನ ದಂತವೈದ್ಯರು ಹಲ್ಲು ಕಿತ್ತರು. ನಾಲ್ಕನೇ ದಿನಕ್ಕೆ ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ಹೆಚ್ಚಿಸಿದ್ದ ಮಾತ್ರೆಯನ್ನು ಡಾಕ್ಟರ್ ಸಲಹೆಯಂತೆ ನಿಧಾನವಾಗಿ ಇಳಿಸಿದೆವು. ಜೊಲ್ಲೂ ನಿಂತಿತು.

ಮೂರು ತಿಂಗಳು ಹಲ್ಲು ನೋವಿನಲ್ಲಿದ್ದ ಮನುಷ್ಯನಿಗೆ ನಾವು ನಿದ್ದೆ ಬರಿಸುವ ಮಾತ್ರೆ ಕೊಟ್ಟೆವು. ‘ಇಲ್ಲಿ’ ಅಂತ ಅವನು ಹೇಳಿದ್ದು ಮನೆಗೆ ಹೋಗುವ ಮಾತಲ್ಲ, ಹಲ್ಲು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಅಲ್ಲಿ ಒಬ್ಬನಿಗೆ ಮಾತ್ರ ಇದು ಗೊತ್ತಾಗಿತ್ತು. ರಾಯಚೂರು ಕಡೆಯ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇರಬಹುದು, ಅಲ್ಲಿನ ಕೇರ್‌ಟೇಕರ್. ‘ಅಣ್ಣಂಗೆ ಹಲ್ಲು ನೋವಿರಬೇಕು ಸರ್, ತಣ್ಣೀರು ಕುಡಿದ್ರೆ ಅಳ್ತಾನೆ’ ಅಂತ ಅವನು ಜೂನ್‌ನಲ್ಲೇ ಹೇಳಿದ್ದನಂತೆ. ‘ನೀನೇನು ಡಾಕ್ಟರಾ’ ಅಂತ ಬಾಯಿ ಮುಚ್ಚಿಸಿದ್ದರು. ಆ ಹುಡುಗನ ದಿನ ಹೇಗಿತ್ತು ಗೊತ್ತಾ? ಬೆಳಗ್ಗೆ ಐದಕ್ಕೆ ಎದ್ದು 14 ಜನರಿಗೆ ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ತಿನ್ನಿಸುವುದು, ನೆಲ ಒರೆಸುವುದು. ಹಗಲಿನಲ್ಲಿ ಅಡುಗೆಯವರು, ಇನ್ನೊಬ್ಬ ಹುಡುಗ ಇರುತ್ತಿದ್ದರು. ರಾತ್ರಿ ಇವನೊಬ್ಬನೇ. 14 ಜನರಲ್ಲಿ ಐದು ಜನರಿಗೆ ಫಿಟ್ಸ್. ವಾರದ ರಜೆ ಇಲ್ಲ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಇಷ್ಟನ್ನೂ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ಹೇಳಿಕೊಟ್ಟೆ. ಆ ವರ್ಷ ದೀಪಾವಳಿ ಹೊತ್ತಿಗೆ ಅವನು ಫುಡ್ ಡೆಲಿವರಿ ಕೆಲಸಕ್ಕೆ ಹೋಗಿಬಿಟ್ಟ. ಸಂಬಳ ಜಾಸ್ತಿ, ರಾತ್ರಿ ನಿದ್ದೆ ಸಿಗುತ್ತದೆ ಅಂದ. ಅವನನ್ನು ದೂರಲು ನನಗೆ ಬಾಯಿ ಬರಲಿಲ್ಲ.

ಮಾನ್ಯರೇ, ಕಾನೂನು ಇಲ್ಲ ಅಂತ ನಾನು ಹೇಳುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ ಅಂತ ಅದರ 50ನೇ ಕಲಂ ಹೇಳುತ್ತದೆ. ಅಂಗವಿಕಲರಿಗೆ ಎಲ್ಲರಂತೆ ಸಮಾಜದ ನಡುವೆ ಬದುಕುವ ಹಕ್ಕಿದೆ ಅಂತ 5ನೇ ಕಲಂ ಹೇಳುತ್ತದೆ. ಬೀಗ ಹಾಕಿದ ಗೇಟಿನ ಹಿಂದೆ, ದೇವಸ್ಥಾನದ ಘಂಟೆ ಕೇಳಿಸಿಕೊಳ್ಳುತ್ತಾ ಕೂರುವುದು ಸಮಾಜದ ನಡುವಿನ ಬದುಕಾ? ತಮ್ಮ ಉಸ್ತುವಾರಿಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ ನೀರು ಕೊಡದಿದ್ದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಅಂತ 92ನೇ ಕಲಂನಲ್ಲಿದೆ. ಆದರೆ ನನ್ನ ತಮ್ಮನನ್ನು ಯಾರೂ ಉಪವಾಸ ಕೆಡವಲಿಲ್ಲ, ಹೊಡೆಯಲಿಲ್ಲ. ಅವನು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಅದಕ್ಕೆ ಯಾವ ಕಲಂ ಹಚ್ಚಲಿ?

ಇನ್ನೊಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಯಾರನ್ನಾದರೂ ಹಿಡಿದಿಡಬೇಕಾಗಿ ಬಂದರೂ ಮನೋವೈದ್ಯರ ಒಪ್ಪಿಗೆ ಬೇಕು, ಬರೆದಿಡಬೇಕು. ಒಳ್ಳೆಯ ನಿಯಮ. ಆದರೆ ಬೌದ್ಧಿಕ ಅಂಗವೈಕಲ್ಯವನ್ನು ಆ ಕಾಯ್ದೆ ಮಾನಸಿಕ ಕಾಯಿಲೆ ಅಂತ ಪರಿಗಣಿಸುವುದಿಲ್ಲ. ಅದೂ ಸರಿಯೇ, ಅದು ಕಾಯಿಲೆ ಅಲ್ಲ. ಆದರೆ ಇದರಿಂದ ಏನಾಗಿದೆ ನೋಡಿ. ನನ್ನ ತಮ್ಮನಿದ್ದ ಮನೆಯಲ್ಲಿ ಗಲಾಟೆ ಮಾಡಿದವರನ್ನು ಮೇಲಿನ ಕೋಣೆಗೆ ಹಾಕಿ ಚಿಲಕ ಹಾಕುತ್ತಿದ್ದರು. ಯಾರನ್ನು, ಎಷ್ಟು ಹೊತ್ತು, ಯಾಕೆ ಅಂತ ಒಂದು ಪುಸ್ತಕದಲ್ಲೂ ಬರೆಯುತ್ತಿರಲಿಲ್ಲ.

ಬೌದ್ಧಿಕ ಅಂಗವೈಕಲ್ಯದಂಥ ಸ್ಥಿತಿ ಇರುವವರಿಗಾಗಿ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಡಿ ತಮ್ಮನ ಗಾರ್ಡಿಯನ್, ಅಂದರೆ ಕಾನೂನುಬದ್ಧ ಪೋಷಕಿ, ಆಗಲು ನಾನು ಡಿಸಿ ಕಚೇರಿಗೆ ಅಲೆದಿದ್ದೇನೆ. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಕೊಡುತ್ತೇನೆ, ಕೊಡಲೇಬೇಕು. ಆದರೆ ಅವನನ್ನು ಹಗಲು ರಾತ್ರಿ ಇಟ್ಟುಕೊಂಡವರ ಹತ್ತಿರ ಅವನ ತೂಕ, ಅವನ ಮಾತ್ರೆ, ಅವನ ಹಲ್ಲಿನ ಲೆಕ್ಕ ಯಾರಾದರೂ ಕೇಳಿದ್ದನ್ನು ಎರಡು ವರ್ಷದಲ್ಲಿ ನಾನು ಕಾಣಲಿಲ್ಲ.

ನೀವು ಕೇಳಬಹುದು, ಆಗಲೇ ಯಾಕೆ ದೂರು ಕೊಡಲಿಲ್ಲ ಅಂತ. ಹಲ್ಲು ಕಿತ್ತಿಸಿದ ವಾರ ಸಿಟ್ಟಿನಿಂದ ಹೋಗಿ ಕೇಳಿದೆ. ಅವರು ಜೋರು ಮಾಡಲಿಲ್ಲ. ಶಾಂತವಾಗಿ, ಲೆಡ್ಜರ್ ಮುಚ್ಚುತ್ತಾ, ‘ನಿಮಗೆ ತೃಪ್ತಿ ಇಲ್ಲ ಅಂದ್ರೆ ಮನೆಗೆ ಕರ್ಕೊಂಡು ಹೋಗಿ ಮೇಡಂ, ವೇಟಿಂಗ್ ಲಿಸ್ಟ್‌ನಲ್ಲಿ ಇಪ್ಪತ್ತು ಜನ ಇದ್ದಾರೆ’ ಅಂದರು. ಬಾತ್‌ರೂಮಿನ ನೆಲ, ಒಣಗಿದ ರಕ್ತ ಕಣ್ಣ ಮುಂದೆ ಬಂತು. ಸುಮ್ಮನಾದೆ. ಹೊರಗೆ ಬಂದಾಗ ಇನ್ನೊಬ್ಬರ ತಾಯಿ, ಎಪ್ಪತ್ತು ದಾಟಿದವರು, ನನ್ನ ಕೈ ಹಿಡಿದು ‘ಜಗಳ ಆಡ್ಬೇಡಮ್ಮ, ನಮ್ಮೆಲ್ಲರ ಮಕ್ಕಳಿಗೂ ತೊಂದ್ರೆ ಆಗುತ್ತೆ’ ಅಂದರು. ಈ ಮನೆಗಳ ಮೇಲೆ ದೂರು ಬಾರದೇ ಇರಲು ಕಾರಣ ಇದು. ದೂರು ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ದೆಹಲಿಯ ರೋಹಿಣಿಯಲ್ಲಿ ಸರ್ಕಾರವೇ ನಡೆಸುವ ಆಶಾ ಕಿರಣ ಮನೆಯಲ್ಲಿ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡ ಮೇಲೆ ದೇಶವೆಲ್ಲ ಆ ಕಡೆ ತಿರುಗಿ ನೋಡಿತು. ಸತ್ತ ಮೇಲೆ ನೋಡುವುದು ನಮಗೆ ಬೇಡ.

ನಡೆಸುವವರೆಲ್ಲ ಕೆಟ್ಟವರು ಅಂತಲೂ ನಾನು ಹೇಳುತ್ತಿಲ್ಲ. ಬೆಂಗಳೂರಿನ ಬಾಡಿಗೆ ಎಷ್ಟು ಅಂತ ನಮಗೆಲ್ಲ ಗೊತ್ತು. ‘ಹುಚ್ಚರ ಮನೆ’ ನಮ್ಮ ರಸ್ತೆಯಲ್ಲಿ ಬೇಡ ಅಂತ ಲೇಔಟಿನವರು ಗಲಾಟೆ ಮಾಡುತ್ತಾರೆ. ಇದೇ ಊರಿನಲ್ಲಿ ಚೆನ್ನಾಗಿ ನಡೆಯುವ ಮನೆಗಳೂ ಇವೆ. ನನ್ನ ತಮ್ಮ ಒಂಬತ್ತು ತಿಂಗಳು ಕಾದು ಈಗ ಅಂಥದ್ದೊಂದು ಮನೆಯಲ್ಲಿದ್ದಾನೆ. ಅಪ್ಪ ಅಮ್ಮಂದಿರು ಕೆಲವರು ಸೇರಿ ನಡೆಸುವ ಮನೆ ಅದು. ಆರೇ ಜನ. ಪ್ರತಿಯೊಬ್ಬರಿಗೂ ಬೀಗ ಇರುವ ಒಂದು ಬೀರು, ಕೀಲಿ ಅವರ ಕುತ್ತಿಗೆಯಲ್ಲಿ. ಯಾವ ಹೊತ್ತಿಗೆ ಹೋದರೂ ಬಾಗಿಲು ತೆಗೆಯುತ್ತಾರೆ, ಸೀದಾ ಅಡುಗೆಮನೆಗೇ ಕರೆದುಕೊಂಡು ಹೋಗುತ್ತಾರೆ. ಮೊದಲ ದಿನ ಕೇಳಿದ ಪ್ರಶ್ನೆ, ‘ಇವರಿಗೆ ಏನು ಮಾಡಲು ಇಷ್ಟ?’ ಹಾಲು ತರಲು ಇಷ್ಟ ಅಂದೆ. ಈಗ ದಿನಾ ಬೆಳಗ್ಗೆ ಕೇರ್‌ಟೇಕರ್ ಜೊತೆ ಹೋಗಿ ತರುತ್ತಾನೆ. ಇದಕ್ಕೆ ದುಡ್ಡು ಜಾಸ್ತಿ ಖರ್ಚಾಗಲಿಲ್ಲ. ಯಾರೋ ಒಬ್ಬರು ಕೇಳಿದರು, ಅಷ್ಟೇ.

ಆದ್ದರಿಂದ ನನ್ನ ಮನವಿ.

ಯಾರೂ ದೂರು ಕೊಡದಿದ್ದರೂ ತಾವಾಗಿಯೇ ವಿಚಾರಣೆ ನಡೆಸುವ ಅಧಿಕಾರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 80ನೇ ಕಲಂ ಪ್ರಕಾರ ಆಯುಕ್ತರಿಗಿದೆ. ನೀವು ಶಿಫಾರಸು ಮಾಡಿದ ಮೇಲೆ ಸಂಬಂಧಪಟ್ಟ ಅಧಿಕಾರಿ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಆ ಅಧಿಕಾರವನ್ನು ಬೆಂಗಳೂರಿನ ಸಣ್ಣ ವಸತಿ ಮನೆಗಳ ವಿಷಯದಲ್ಲಿ ಬಳಸಿ. ಮೊದಲೇ ಹೇಳದೆ ಹೋಗಿ. ರಾತ್ರಿ ಒಂಬತ್ತಕ್ಕೆ ಹೋಗಿ, ಭಾನುವಾರ ಹೋಗಿ. ಫೈಲ್ ಆಮೇಲೆ ನೋಡಿ, ಮೊದಲು ಅಲ್ಲಿರುವವರ ಪಕ್ಕ ಕೂತು ಒಂದು ಹೊತ್ತಿನ ಊಟ ಮಾಡಿ. ತಂಡದಲ್ಲಿ ಅಂಗವಿಕಲರೊಬ್ಬರು, ಬೇರೆ ಮನೆಯ ಪೋಷಕರೊಬ್ಬರು, ಮಾತು ಬಾರದವರ ಜೊತೆ ಮಾತಾಡಲು ತಿಳಿದ ಸ್ಪೆಷಲ್ ಎಜುಕೇಟರ್ ಒಬ್ಬರು ಇರಲಿ. ಹೋಗಿ ಬಂದ ದಿನಾಂಕ, ಕಂಡಿದ್ದು ಏನು ಎಂಬುದು ಕನ್ನಡದಲ್ಲಿ ಆ ಮನೆಯ ಗೇಟಿನ ಮೇಲೂ, ನಿಮ್ಮ ವೆಬ್‌ಸೈಟಿನಲ್ಲೂ ಇರಲಿ. ಮನೆ ಹುಡುಕುವ ನನ್ನಂಥವಳಿಗೆ ಟೈಲ್ಸ್ ಬಿಟ್ಟು ಬೇರೆ ಏನಾದರೂ ನೋಡಲು ಸಿಗಲಿ.

ಮಾತ್ರೆ ವಿಷಯದಲ್ಲಿ ಒಂದು ಕಡ್ಡಾಯ ನಿಯಮ ಬೇಕೇ ಬೇಕು. ನಡವಳಿಕೆ ಬದಲಾಯಿತು ಅಂತ ಮಾತ್ರೆ ಏರಿಸುವ ಮುಂಚೆ ಹಲ್ಲು, ಕಿವಿ, ಹೊಟ್ಟೆ, ಮಲಬದ್ಧತೆ ಇವನ್ನು ಡಾಕ್ಟರ್ ಎದುರಿಗೆ ನೋಡಲೇಬೇಕು. ಮನೆಯವರಿಗೆ ತಿಳಿಸಬೇಕು, ಬರೆದಿಡಬೇಕು. ನೋವು ಅಂತ ಬಾಯಲ್ಲಿ ಹೇಳಲಾಗದವರು ನಡವಳಿಕೆಯಲ್ಲೇ ಹೇಳುತ್ತಾರೆ. ವರ್ಷಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ತಪಾಸಣೆ ಆಗಲಿ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ತೊಂದರೆ ಜಾಸ್ತಿ, ಮರೆವಿನ ಕಾಯಿಲೆಯೂ ಬೇಗ ಬರುತ್ತದೆ. ಅದನ್ನೂ ‘ಮೊಂಡುತನ’ ಅಂತ ಬೈದು ಬಿಡುವುದನ್ನು ನಾನು ಕಂಡಿದ್ದೇನೆ. ಯಾರನ್ನಾದರೂ ಕೋಣೆಗೆ ಹಾಕಿ ಚಿಲಕ ಹಾಕಿದರೆ ಅದು ತಪ್ಪು, ಅದು ನಿಲ್ಲಬೇಕು. ಎಲ್ಲಿಯಾದರೂ ನಡೆದರೆ ಅವತ್ತೇ ಮನೆಯವರಿಗೂ ನಿಮ್ಮ ಕಚೇರಿಗೂ ತಿಳಿಯಬೇಕು.

ಕೇರ್‌ಟೇಕರ್‌ಗಳಿಗೆ ತರಬೇತಿ, ವಾರಕ್ಕೊಂದು ರಜೆ, ರಾತ್ರಿ ಪಾಳಿಗೆ ಎಚ್ಚರ ಇರುವವರು ಇಬ್ಬರಾದರೂ. ಇದಕ್ಕೆ ಹಣ ಬೇಕು ಅಂದರೆ ಸರ್ಕಾರ ಕೈಜೋಡಿಸಬೇಕು, 18 ಸಾವಿರದಲ್ಲಿ ಎಲ್ಲವೂ ಆಗುವುದಿಲ್ಲ ಅಂತ ನನಗೂ ಗೊತ್ತು.

ಕೊನೆಯದಾಗಿ, ಪ್ರಶ್ನೆ ಕೇಳಿದ ಕಾರಣಕ್ಕೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ ಅಂತ ನೋಂದಣಿಯ ಷರತ್ತಿನಲ್ಲೇ ಸೇರಿಸಿ. ಬೇರೆ ಮನೆ ಸಿಗುವವರೆಗೆ ಇಟ್ಟುಕೊಳ್ಳಲೇಬೇಕು ಅನ್ನಿ. ಇದೊಂದು ಸಾಲು ಇದ್ದಿದ್ದರೆ ಆ ಎಪ್ಪತ್ತು ದಾಟಿದ ತಾಯಿ ಅವತ್ತು ನನ್ನ ಕೈ ಹಿಡಿದು ಸುಮ್ಮನಿರು ಅನ್ನುತ್ತಿರಲಿಲ್ಲ.

ಆ ಮನೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಅಲ್ಲಿ ಇನ್ನೂ 13 ಜನ ಇದ್ದಾರೆ, ಅವರಿಗೆ ನಾಳೆ ಹೋಗಲು ಬೇರೆ ಜಾಗ ಇಲ್ಲ. ಹೆಸರು, ವಿಳಾಸ, ಹಲ್ಲಿನ ಎಕ್ಸ್‌ರೇ, ಮಾತ್ರೆ ಚೀಟಿ ಎಲ್ಲವನ್ನೂ ಮುಚ್ಚಿದ ಲಕೋಟೆಯಲ್ಲಿ ಆಯುಕ್ತರ ಕಚೇರಿಗೆ ಕೊಡುತ್ತಿದ್ದೇನೆ.

ಬಿಡಿಸಿಕೊಂಡು ಬಂದ ದಿನ ತಮ್ಮ ಹಾಕಿಕೊಂಡಿದ್ದ ಶರ್ಟೂ ಅವನದ್ದಲ್ಲ. ಹಳದಿ ಚೌಕುಳಿಯದ್ದು, ಕಾಲರಿನ ಒಳಗೆ ಅಲ್ಲಿನ ಒಬ್ಬರ ಹೆಸರಿದೆ. ಅವನ ಪಕ್ಕದ ಮಂಚದವರು ಅವರು. ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಡಲು ಹೋದೆ, ಗೇಟಿನಿಂದಲೇ ಕಳುಹಿಸಿದರು. ತಮ್ಮ ಈಗಲೂ ಆ ಶರ್ಟ್ ತೋರಿಸಿ ‘ಅಣ್ಣ ಎಲ್ಲಿ?’ ಅಂತ ಕೇಳುತ್ತಾನೆ. ನಿಮ್ಮ ತಂಡ ಅಲ್ಲಿಗೆ ಹೋಗುವ ದಿನ ನನಗೆ ಹೇಳಿ, ಶರ್ಟ್ ತಂದುಕೊಡುತ್ತೇನೆ. ಅವರ ಕೈಗೇ ಕೊಡಿ, ಹೇಗಿದ್ದಾರೆ ಅಂತ ನೋಡಿಕೊಂಡು ಬನ್ನಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಅಕ್ಕ
ಬೆಂಗಳೂರು